ವಿದೇಶದಲ್ಲಿ ಮರಗಟ್ಟಿಸುವ ಕ್ರೀಮ್ ಬೇಕಾ? ಶಿರಸಿಯಿಂದ ತರಿಸಬೇಡಿ, ಅಲ್ಲೇ ಹೀಗೆ ಕೇಳಿ

ಶಿರಸಿಯಲ್ಲಿ ನಮ್ಮದು ಮೆಡಿಕಲ್ ಅಂಗಡಿ. "ತಮಾ, ಮಗಳಿಗೆ ಅಮೆರಿಕಕ್ಕೆ ಕಳಿಸೂದು, ಮರಗಟ್ಟುವ ಮುಲಾಮು ಒಂದು ಕೊಡು" ಅಂತ ಕೇಳುವ ಆಯಿಯಂದಿರು ಬರುತ್ತಲೇ ಇರುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿ, ಬೇಡ ಅನ್ನಲ್ಲ. ಈ ಟ್ಯೂಬ್ ಮಾತ್ರ ಮಕ್ಕಳು ಇದ್ದಲ್ಲೇ ತಗೊಳ್ಳಲಿ. ಅಲ್ಲಿ ಕೌಂಟರ್‌ನಲ್ಲಿ ನಿಂತವರು ನಿಮ್ಮ ತೊಂದರೆ ಕೇಳಿ ಕೊಡುತ್ತಾರೆ, ಪಾರ್ಸೆಲ್ಲಿನಲ್ಲಿ ಬಂದ ಟ್ಯೂಬ್ ಏನೂ ಕೇಳಲ್ಲ.

ಊರಿನ ಬ್ರ್ಯಾಂಡ್ ಹೆಸರು ಹೇಳಿದರೆ ಅಲ್ಲಿ ಯಾರಿಗೂ ಗೊತ್ತಾಗಲ್ಲ. ಔಷಧಿಯ ಹೆಸರೇ ಹೇಳಿ. ನಮ್ಮ ಟ್ಯೂಬ್ ಮೇಲೆ ಲಿಗ್ನೊಕೇನ್ ಅಂತಿರುವುದೇ ಅಲ್ಲಿ ಲಿಡೊಕೇನ್. ಜೊತೆಗೆ ಎಲ್ಲಿಗೆ ಹಚ್ಚೋದು, ಯಾರಿಗೆ, ಬೇರೆ ಯಾವ ಮಾತ್ರೆ ನಡೀತಾ ಇದೆ ಅನ್ನೋದನ್ನೂ ಹೇಳಿ. ಅದರಲ್ಲೂ ಎದೆಬಡಿತ ಸರಿಮಾಡುವ ಮಾತ್ರೆ ತಗೊಳ್ಳುವವರು ಹೇಳದೆ ಇರಲೇಬೇಡಿ.

ಅಮೆರಿಕದಲ್ಲಿ ಚರ್ಮಕ್ಕೆ ಹಚ್ಚುವ ಲಿಡೊಕೇನ್ 4% ವರೆಗೆ ಚೀಟಿ ಇಲ್ಲದೆ ಸಿಗುತ್ತೆ, ಕಪಾಟಿನಿಂದ ನೀವೇ ಎತ್ತಿಕೊಳ್ಳಬಹುದು. ಪಕ್ಕದಲ್ಲೇ 5% ಇರೋದೂ ಕಾಣಬಹುದು. ಅದು ಮೂಲವ್ಯಾಧಿಗೆ ಅಂತಲೇ ಮಾಡಿದ್ದು. ಒಂದು ಪರ್ಸೆಂಟ್ ಜಾಸ್ತಿ ಇದೆಯಲ್ಲ ಅಂತ ಅದನ್ನು ಕೈಕಾಲಿಗೆ ಹಚ್ಚಬೇಡಿ. ಮೂಲವ್ಯಾಧಿಗೇ ಬೇಕಿದ್ದರೆ ನಾಚಿಕೆ ಬಿಟ್ಟು ಕೇಳಿ, ಕೌಂಟರ್‌ನಲ್ಲಿ ಇರುವವರಿಗೆ ಅದು ದಿನಾ ಕೇಳುವ ಮಾತು.

ಸೂಜಿ ಚುಚ್ಚುವ ಮುಂಚೆ ಹಚ್ಚುವ ಎಮ್ಲಾ ಅನ್ನೋ ಕ್ರೀಮ್ ಬೇರೆ. ಅದರಲ್ಲಿ ಲಿಡೊಕೇನ್ 2.5%, ಪ್ರಿಲೊಕೇನ್ 2.5%. ಇವೆರಡೂ ಸಮ ಪ್ರಮಾಣದಲ್ಲಿ ಸೇರಿದರೆ ಕರಗಿ ಎಣ್ಣೆಯಂತಾಗುತ್ತವೆ, ಹಾಗಾಗಿ ಗಾಯವಿಲ್ಲದ ಚರ್ಮದೊಳಗೂ ಇಳಿಯುತ್ತವೆ. ಅಮೆರಿಕದಲ್ಲಿ ಇದಕ್ಕೆ ಡಾಕ್ಟರ್ ಚೀಟಿ ಬೇಕು. ಬ್ರಿಟನ್ನಿನಲ್ಲಿ ಚೀಟಿ ಬೇಡ, ಆದರೆ ಫಾರ್ಮಸಿಸ್ಟ್ ಇರುವ ಅಂಗಡಿಯಲ್ಲೇ ಕೇಳಬೇಕು. ಅವರು ನಾಲ್ಕು ಪ್ರಶ್ನೆ ಕೇಳಿದರೆ ಸಿಟ್ಟಾಗಬೇಡಿ, ಅದು ಅವರ ಕೆಲಸ. ಜರ್ಮನಿಯಲ್ಲಿ ಸೋಪು-ಶಾಂಪೂ ಮಾರುವ ಅಂಗಡಿ ಸುತ್ತಿ ಪ್ರಯೋಜನವಿಲ್ಲ, ಅಪೊಥೆಕೆಗೆ, ಅಂದರೆ ಅಲ್ಲಿನ ಮೆಡಿಕಲ್ ಅಂಗಡಿಗೆ ಹೋಗಿ. ಭಾನುವಾರ ಬಾಗಿಲು ಹಾಕಿದ್ದರೆ ಸರದಿ ಮೇಲೆ ತೆರೆದಿರುವ ಅಂಗಡಿಯ ವಿಳಾಸ ಬಾಗಿಲ ಮೇಲೇ ಇರುತ್ತೆ.

ಆನ್‌ಲೈನ್‌ನಲ್ಲಿ ಟ್ಯಾಟೂಗೆ, ಲೇಸರ್‌ಗೆ ಅಂತ ಮಾರುವ ಭಾರೀ ಪವರ್‌ನ ಕ್ರೀಮ್ ಕಡೆ ಹೋಗಲೇಬೇಡಿ. ಅಂಥವುಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಮಾರ್ಚ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ಅದಕ್ಕೂ ಎಷ್ಟೋ ವರ್ಷ ಮೊದಲು ಅಲ್ಲಿ ಇಬ್ಬರು ಹೆಣ್ಣುಮಕ್ಕಳು, ಒಬ್ಬಳಿಗೆ 22, ಇನ್ನೊಬ್ಬಳಿಗೆ 25, ಲೇಸರ್‌ನಲ್ಲಿ ಕೂದಲು ತೆಗೆಸುವ ನೋವು ಕಡಿಮೆಯಾಗಲಿ ಅಂತ ಕಾಲಿಗೆಲ್ಲ ಇಂಥ ಕ್ರೀಮ್ ಬಳಿದು ಮೇಲೆ ಪ್ಲಾಸ್ಟಿಕ್ ಸುತ್ತಿಕೊಂಡರು. ಇಬ್ಬರಿಗೂ ಫಿಟ್ಸ್ ಬಂತು, ಕೋಮಾಕ್ಕೆ ಹೋದರು, ಉಳಿಯಲಿಲ್ಲ. ಪ್ಲಾಸ್ಟಿಕ್ ಸುತ್ತಿದರೆ ಚರ್ಮ ಬಿಸಿಯಾಗಿ ಔಷಧಿ ರಕ್ತಕ್ಕೆ ಜಾಸ್ತಿ ಸೇರುತ್ತೆ. ಬಳಿದ ಜಾಗ ದೊಡ್ಡದಾದಷ್ಟೂ ಅಪಾಯ ಹೆಚ್ಚು.

ಎಮ್ಲಾಗೆ ಮುಚ್ಚಲು ಡ್ರೆಸ್ಸಿಂಗ್ ಬೇಕು ಅನ್ನೋದು ನಿಜ. ಆದರೆ ಅದು ಸೂಜಿ ಚುಚ್ಚುವ ಸಣ್ಣ ಜಾಗಕ್ಕೆ, ಚೀಟಿಯಲ್ಲಿ ಬರೆದಷ್ಟೇ, ಇಲ್ಲಾ ಫಾರ್ಮಸಿಸ್ಟ್ ಹೇಳಿದಷ್ಟೇ ಹೊತ್ತಿಗೆ. ಸಾಮಾನ್ಯವಾಗಿ ಒಂದು ತಾಸು ಮೊದಲು ಹಚ್ಚಬೇಕು, ಆಸ್ಪತ್ರೆ ಬಾಗಿಲಲ್ಲಿ ಹಚ್ಚಿಕೊಂಡರೆ ಅಷ್ಟರೊಳಗೆ ಮರಗಟ್ಟಲ್ಲ. ಗಾಯ, ಕೆರೆದು ಸುಲಿದ ಚರ್ಮ, ಕಣ್ಣಿನ ಹತ್ತಿರ ಬೇಡ.

ಬಾಯಿ ಸುತ್ತ ಜೋಮು, ಕಿವಿಯಲ್ಲಿ ಗುಂಯ್ ಅನ್ನೋದು, ತಲೆಸುತ್ತು ಶುರುವಾದರೆ ಒರೆಸಿ ತೊಳೆದು ತಕ್ಷಣ ಫೋನ್ ಮಾಡಿ. ಅಮೆರಿಕದಲ್ಲಿ 911, ಬ್ರಿಟನ್ನಿನಲ್ಲಿ 999, ಯುರೋಪಿನಲ್ಲಿ 112, ದುಬೈ ಕಡೆ ಆಂಬುಲೆನ್ಸ್‌ಗೆ 998.

ಹಲ್ಲುನೋವಿಗೆ ಬೆಂಜೊಕೇನ್ ಅನ್ನೋ ಮರಗಟ್ಟಿಸುವ ಔಷಧಿಯ ಜೆಲ್ ಸಿಗುತ್ತೆ, ದೊಡ್ಡವರು ಡೆಂಟಿಸ್ಟ್ ಸಿಗುವವರೆಗೆ ಸ್ವಲ್ಪ ಹಚ್ಚಿಕೊಳ್ಳಬಹುದು. ಎರಡು ವರ್ಷದೊಳಗಿನ ಮಗುವಿಗೆ ಹಲ್ಲು ಬರುವಾಗ ಮಾತ್ರ ಹಚ್ಚಲೇಬಾರದು. ರಕ್ತ ಆಮ್ಲಜನಕ ಹೊರುವುದೇ ಕಡಿಮೆಯಾಗಿ ತುಟಿ, ಉಗುರು ನೀಲಿಯಾಗುವ ಅಪಾಯವಿದೆ. ಮಗುವಿನ ಒಸಡನ್ನು ತೊಳೆದ ಬೆರಳಲ್ಲಿ ಮೆಲ್ಲಗೆ ತಿಕ್ಕಿ, ಇಲ್ಲಾ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿದ ಟೀದರ್ (ಮಗು ಕಚ್ಚುವ ಆಟಿಕೆ) ಕೊಡಿ.