ಶ್ರೀಲಂಕಾದ ಸಿಂಹರಾಜ ಕಾಡಿಗೆ ಹೋಗುವ ಮುನ್ನ ಹಾನಗಲ್ಲಿನ ಕುಸನೂರಿಗೆ ಹೋಗಿ ಬನ್ನಿ

ಧಾರವಾಡ, ಗದಗ, ಹಾವೇರಿ ಕಡೆಯ ಎಷ್ಟೋ ಹುಡುಗ ಹುಡುಗಿಯರು ಅರಣ್ಯಶಾಸ್ತ್ರ, ಸಸ್ಯಶಾಸ್ತ್ರ, ಸಮಾಜಕಾರ್ಯ ಓದುತ್ತಿದ್ದಾರೆ. ವಿದೇಶದ ಕಾಡಿಗೆ ಅಧ್ಯಯನ ಪ್ರವಾಸ ಹೋಗಬೇಕು ಅನ್ನುವ ಆಸೆ ಅವರಲ್ಲಿ ಅನೇಕರಿಗಿದೆ. ಆಸೆ ಒಳ್ಳೆಯದೇ. ಆದರೆ ಸಾಮಾನ್ಯವಾಗಿ ಆಗುವುದೇನು? ಎತ್ತರದ ಮರ ನೋಡುತ್ತಾರೆ, ಹಕ್ಕಿಯ ಫೋಟೊ ತೆಗೆಯುತ್ತಾರೆ, ವಾಪಸ್ ಬರುತ್ತಾರೆ. ಆ ಕಾಡಿನ ಅಂಚಿನಲ್ಲಿ ಬದುಕುವ ಜನ ನೋಟ್‌ಬುಕ್ಕಿನಲ್ಲಿ ಬರುವುದೇ ಇಲ್ಲ. ಉಷ್ಣವಲಯದ ಕಾಡನ್ನು ನೋಡಿಕೊಳ್ಳುವ ಕೆಲಸದಲ್ಲಿ ಮರದಷ್ಟೇ ಮನುಷ್ಯರ ವಿಷಯವೂ ಇದೆ. ಇವೆರಡನ್ನೂ ಕಲಿತು ಬರಬೇಕೆಂದರೆ ತಯಾರಿ ಮನೆಯಿಂದಲೇ ಶುರುವಾಗಬೇಕು.

ಮೊದಲು ಜಾಗ ಆರಿಸಿ

ಯಾವ ಪ್ರಶ್ನೆ ನಿಮ್ಮನ್ನು ಕಾಡುತ್ತಿದೆ ಅನ್ನುವುದರ ಮೇಲೆ ದೇಶ ಆರಿಸಿ. ಕಾಡಿನ ಉಸ್ತುವಾರಿ ಊರಿನವರ ಕೈಗೇ ಬಂದರೆ ಏನಾಗುತ್ತದೆ ಎಂದು ನೋಡಬೇಕೇ? ನೇಪಾಳಕ್ಕೆ ಹೋಗಿ. ಅಲ್ಲಿ 1993ರ ಅರಣ್ಯ ಕಾಯ್ದೆ ಬಂದ ಮೇಲೆ 22,000ಕ್ಕೂ ಜಾಸ್ತಿ ಸಮುದಾಯ ಅರಣ್ಯ ಬಳಕೆದಾರರ ಗುಂಪುಗಳು ಹುಟ್ಟಿಕೊಂಡಿವೆ. ಕಾಡು ಉಳಿಸಿದ ರೈತನಿಗೆ ಸರ್ಕಾರ ದುಡ್ಡು ಕೊಡುವುದನ್ನು ನೋಡಬೇಕಾದರೆ ಕೋಸ್ಟರಿಕಾ ಇದೆ. 1996ರ ಕಾಯ್ದೆಯಿಂದ ಅಲ್ಲಿ ಆ ವ್ಯವಸ್ಥೆ ಬಂತು. ಇಂಧನದ ಮೇಲಿನ ತೆರಿಗೆಯ ಒಂದು ಪಾಲು ಅದಕ್ಕೆ ಹೋಗುತ್ತದೆ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಶ್ರೀಲಂಕಾದ ಸಿಂಹರಾಜ ಮಳೆಕಾಡು. ಹುಬ್ಬಳ್ಳಿಯಿಂದ ಬೆಂಗಳೂರು, ಅಲ್ಲಿಂದ ಕೊಲಂಬೊ. ಖರ್ಚು ಕಡಿಮೆ ಅನ್ನುವುದು ಒಂದು ಕಾರಣ, ಅಷ್ಟೇ. ಇನ್ನೊಂದು ಕಾರಣ ದೊಡ್ಡದು. ನಮ್ಮ ಪಶ್ಚಿಮಘಟ್ಟ ಮತ್ತು ಶ್ರೀಲಂಕಾ ಸೇರಿ ಒಂದೇ ಜೀವವೈವಿಧ್ಯ ತಾಣ ಎಂದು ವಿಜ್ಞಾನಿಗಳು ಗುರುತಿಸಿದ್ದಾರೆ. ಶಿರಸಿ, ದಾಂಡೇಲಿ ಕಡೆ ತಿರುಗಾಡಿದವರಿಗೆ ಅಲ್ಲಿನ ಎಷ್ಟೋ ಗಿಡ ಮರ ಪರಿಚಯದವು ಅನ್ನಿಸುತ್ತವೆ. ಸಿಂಹರಾಜ ತೀರಾ ದೊಡ್ಡ ಕಾಡೂ ಅಲ್ಲ. 1988ರಲ್ಲಿ ಅದರ ಸುಮಾರು 8,800 ಹೆಕ್ಟೇರ್ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಕುಸನೂರಿನ ಪಾಠ

ಈ ಹಂತವನ್ನು ದಯವಿಟ್ಟು ಬಿಡಬೇಡಿ. ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಕುಸನೂರಿಗೆ ಒಂದು ದಿನ ಹೋಗಿ ಬನ್ನಿ.

1984ರಲ್ಲಿ ಸರ್ಕಾರ ಮತ್ತು ಖಾಸಗಿ ಕಾರ್ಖಾನೆಯ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಹುಟ್ಟಿತು. ಹರಿಹರದ ಆ ಕಾರ್ಖಾನೆಗೆ ಕಚ್ಚಾವಸ್ತುವಾಗಿ ಮರ ಬೇಕಿತ್ತು. ಅದಕ್ಕಾಗಿ ಸುಮಾರು 30,000 ಹೆಕ್ಟೇರ್ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಸುವ ಯೋಜನೆ ಹಾಕಿದರು. ದನ ಮೇಯುತ್ತಿದ್ದ, ಜನ ಕಟ್ಟಿಗೆ, ಮೇವು ತರುತ್ತಿದ್ದ ಜಾಗ ಅದು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ನೆಟ್ಟರು. ಅದೇ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಅದರ ಹಿಂದೆ ನಿಂತಿತ್ತು. 1991ರಲ್ಲಿ ಆ ಕಂಪನಿಯೇ ಮುಚ್ಚಿತು.

ಈಗ ಸಿಂಹರಾಜದ ಕಥೆ ನೋಡಿ. 1970ರ ದಶಕದ ಆರಂಭದಲ್ಲಿ ಪ್ಲೈವುಡ್ ಕಾರ್ಖಾನೆಗೆಂದು ಆ ಕಾಡಿನ ಮರಗಳನ್ನು ಯಂತ್ರ ಹಾಕಿ ಕಡಿದರು. ಜನ ದನಿ ಎತ್ತಿದರು. 1977ರಲ್ಲಿ ಕಡಿತ ನಿಂತಿತು. ಎರಡೂ ಕಡೆ ಕಾರ್ಖಾನೆ, ಎರಡೂ ಕಡೆ ಜನರ ವಿರೋಧ. ಆದರೆ ಮುಂದಿನ ದಾರಿ ಬೇರೆ. ಕುಸನೂರಿನವರು ಕೇಳಿದ್ದು ತಮ್ಮ ಬಳಕೆಯ ಭೂಮಿಯನ್ನು. ಸಿಂಹರಾಜ ಕಟ್ಟುನಿಟ್ಟಾಗಿ ರಕ್ಷಿತ ಅರಣ್ಯವಾಯಿತು. ಕಾಡು ಉಳಿದ ಮೇಲೆ ಅಂಚಿನ ಊರಿನವರಿಗೆ ಅದರಲ್ಲಿ ಎಷ್ಟು ಪಾಲು ಉಳಿಯಿತು? ನಿಮ್ಮ ಇಡೀ ಪ್ರವಾಸಕ್ಕೆ ಈ ಒಂದು ಪ್ರಶ್ನೆ ಸಾಕು ಅನ್ನುತ್ತೇನೆ.

ಕುಸನೂರಿನಲ್ಲಿ ಹಿರಿಯರ ಹತ್ತಿರ ಕೂತು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಳ್ಳಿ. ‘ಅರಣ್ಯ ನಿರ್ವಹಣೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು’ ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ‘ಅಜ್ಜಾರ, ನೀವು ಸಣ್ಣವರಿದ್ದಾಗ ಕಟಿಗಿ ಎಲ್ಲಿಂದ ತರ್ತಿದ್ರಿ? ಈಗ ಎಲ್ಲಿಂದ ತರ್ತೀರಿ?’ ಎಂದು ಕೇಳಿ ನೋಡಿ. ಮಾತು ತಾನಾಗಿ ಬರುತ್ತದೆ.

ಸಮಯ ಇದ್ದರೆ ಗದಗದ ಕಪ್ಪತಗುಡ್ಡಕ್ಕೂ ಹೋಗಿ. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಸುತ್ತಲಿನ ಕುರಿಗಾಹಿಗಳನ್ನು ಮಾತಾಡಿಸಿ.

ಕಾಗದಪತ್ರ

ಪಾಸ್‌ಪೋರ್ಟ್ ಸೇವಾ ಕೇಂದ್ರ ಹುಬ್ಬಳ್ಳಿಯಲ್ಲೇ ಇದೆ. ಪ್ರಯಾಣದ ದಿನದಿಂದ ಕನಿಷ್ಠ 6 ತಿಂಗಳು ಪಾಸ್‌ಪೋರ್ಟ್ ಅವಧಿ ಇರಲಿ. ಶ್ರೀಲಂಕಾಕ್ಕೆ ಆನ್‌ಲೈನ್ ಪ್ರಯಾಣ ಅನುಮತಿ ಬೇಕು. ನಿಯಮ, ಶುಲ್ಕ ಆಗಾಗ ಬದಲಾಗುವುದರಿಂದ ಸರ್ಕಾರಿ ಜಾಲತಾಣದಲ್ಲೇ ನೋಡಿ.

ಪ್ರವಾಸಿಯಾಗಿ ಕಾಡು ನೋಡುವುದು ಬೇರೆ, ಅಳತೆ ಮಾಡುವುದು ಬೇರೆ. ಸಿಂಹರಾಜ ಅಲ್ಲಿನ ಅರಣ್ಯ ಇಲಾಖೆಯ ಕೈಯಲ್ಲಿದೆ. ಅಳತೆ ಪಟ್ಟಿ ಹಿಡಿದು ಮರ ಅಳೆಯುವುದಿದ್ದರೆ, ಊರಿನಲ್ಲಿ ಸಮೀಕ್ಷೆ ಮಾಡುವುದಿದ್ದರೆ ಕಾಲೇಜಿನ ಮೂಲಕ ತಿಂಗಳುಗಟ್ಟಲೆ ಮೊದಲೇ ಲಿಖಿತ ಅನುಮತಿ ಕೇಳಿ. ಎಲೆ, ಬೀಜ, ಹುಳ ಏನನ್ನೂ ಚೀಲಕ್ಕೆ ಹಾಕಿಕೊಳ್ಳಬೇಡಿ. ಒಂದು ದೇಶದ ಜೀವಸಂಪತ್ತಿನ ಮೇಲೆ ಆ ದೇಶಕ್ಕೇ ಹಕ್ಕು. 2010ರ ನಗೋಯಾ ಒಪ್ಪಂದ ಇರುವುದೇ ಅದಕ್ಕೆ.

ಮರ ಅಳೆಯುವುದು

ಅಂತರರಾಷ್ಟ್ರೀಯ ಅಧ್ಯಯನಗಳಲ್ಲಿ ಮರದ ದಪ್ಪವನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ ಅಳೆಯುತ್ತಾರೆ. ನಮ್ಮ ಅರಣ್ಯ ಇಲಾಖೆಯ ರೂಢಿ 1.37 ಮೀಟರ್. ಯಾವುದನ್ನು ಬಳಸಿದ್ದೀರಿ ಎಂದು ಪುಟದ ಮೇಲ್ಭಾಗದಲ್ಲೇ ಬರೆಯಿರಿ, ಇಲ್ಲದಿದ್ದರೆ ಮುಂದೆ ಹೋಲಿಸಲು ಬರುವುದಿಲ್ಲ. ಇಳಿಜಾರಿನಲ್ಲಿ ಮರದ ಮೇಲ್ಬದಿಗೆ ನಿಂತು ಎತ್ತರ ಗುರುತಿಸಿ. ಮಳೆಕಾಡಿನ ದೊಡ್ಡ ಮರಗಳಿಗೆ ಬುಡದಲ್ಲಿ ಗೋಡೆಯಂಥ ಬೇರು ಚಾಚಿರುತ್ತದೆ. ಅದರ ಮೇಲೆ ಪಟ್ಟಿ ಸುತ್ತಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಬೇರು ಮುಗಿದು ಕಾಂಡ ದುಂಡಗಾಗುವ ಕಡೆ ಅಳೆಯಿರಿ, ಆ ಎತ್ತರವನ್ನೂ ಬರೆದುಕೊಳ್ಳಿ. ಪಟ್ಟಿಯ ಕೆಳಗೆ ಬಳ್ಳಿ, ಪಾಚಿ ಸಿಕ್ಕಿಕೊಂಡಿದ್ದರೆ ನಿಧಾನವಾಗಿ ಸರಿಸಿ, ಕೀಳಬೇಡಿ.

ಸಿಂಹರಾಜದಲ್ಲಿ 25 ಹೆಕ್ಟೇರಿನ ಒಂದು ಶಾಶ್ವತ ಅಧ್ಯಯನ ತಾಕು ಇದೆ. ಅಲ್ಲಿ 1 ಸೆಂಟಿಮೀಟರ್ ದಪ್ಪದ ಗಿಡದಿಂದ ಹಿಡಿದು ಎಲ್ಲವನ್ನೂ ಅಳೆದು ದಾಖಲಿಸಿದ್ದಾರೆ. ಕಾಡಿನ ಅಂಚಿನಲ್ಲಿ ನೆಟ್ಟಿದ್ದ ಪೈನ್ ತೋಪುಗಳಲ್ಲಿ ನಡೆದ ಪ್ರಯೋಗವೂ ನಮಗೆ ಬಹಳ ಮುಖ್ಯ. ಕೆಲವು ಪೈನ್ ಸಾಲು ತೆಗೆದು ಬೆಳಕು ಬಿಟ್ಟು, ಕೆಳಗೆ ಕಾಡಿನ ಮೂಲ ಜಾತಿಯ ಸಸಿ ನೆಟ್ಟಾಗ ಅವು ಚೆನ್ನಾಗಿ ಬಂದವು. ಹಳೆಯ ನೀಲಗಿರಿ ತೋಪುಗಳನ್ನು ಏನು ಮಾಡುವುದು ಅನ್ನುವ ಚರ್ಚೆ ನಮ್ಮಲ್ಲಿ ಇನ್ನೂ ಇದೆ, ಅಲ್ವಾ? ಈ ಪ್ರಯೋಗದ ವಿವರವನ್ನು ಹೋಗುವ ಮೊದಲೇ ಓದಿಕೊಳ್ಳಿ.

ಊರಿನಲ್ಲಿ ಕೂರುವುದು

ಸಿಂಹರಾಜದ ಸುತ್ತ ಸಣ್ಣ ಸಣ್ಣ ಚಹಾ ತೋಟಗಳು, ಹಳ್ಳಿಗಳು. ಅಲ್ಲಿನವರು ತಲೆಮಾರಿನಿಂದ ಕಾಡಿನ ಬೆತ್ತ, ಏಲಕ್ಕಿ, ಮರದರಿಶಿನದಂಥ ಔಷಧಿ ಬಳ್ಳಿ ನಂಬಿದವರು. ಎಲ್ಲಕ್ಕಿಂತ ಹೆಚ್ಚಾಗಿ ಕಿತುಲ್ ಮರ. ಅದು ಬೇರೆ ಯಾವುದೂ ಅಲ್ಲ, ನಮ್ಮ ಮಲೆನಾಡಿನ, ತಾಳೆ ಜಾತಿಯ ಬೈನೆ.

ಕಿತುಲ್ ಇಳಿಸುವವರ ಜೊತೆ ಅರ್ಧ ದಿನ ಕಳೆಯಿರಿ. ಅವರು ಮರ ಹತ್ತಿ, ಹೂಗೊಂಚಲಿನ ತುದಿಯನ್ನು ತೆಳ್ಳಗೆ ಸವರುತ್ತಾರೆ. ರಸ ತೊಟ್ಟಿಕ್ಕುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಇಳಿಸುತ್ತಾರೆ. ಒಲೆಯ ಮೇಲೆ ಕುದಿಸಿದರೆ ಕಾಕಂಬಿಯಂಥ ಪಾಕ, ಇನ್ನೂ ಕುದಿಸಿದರೆ ಬೆಲ್ಲ. ಬೈನೆ ಮರ ಮೇಲಿನಿಂದ ಕೆಳಕ್ಕೆ ಹೂ ಬಿಡುತ್ತಾ ಬಂದು, ಕೊನೆಗೆ ಸಾಯುತ್ತದೆ. ಹೊಸ ಸಸಿ ಹೆಚ್ಚಾಗಿ ತಾನಾಗಿಯೇ ಹುಟ್ಟುತ್ತದೆ, ಪುನುಗು ಬೆಕ್ಕುಗಳು ಹಣ್ಣು ತಿಂದು ಬೀಜ ಹರಡುತ್ತವೆ. ಹಾಗಾಗಿ ಆ ಮನೆಯ ಆದಾಯ ಕಾಡಿನ ಪ್ರಾಣಿಯ ಮೇಲೂ ನಿಂತಿದೆ. ಯಾವ ಮರ ಯಾರದು? ಕಟ್ಟಿಗೆ ಯಾರು ತರುತ್ತಾರೆ? ಬೆಲ್ಲದ ದುಡ್ಡು ಯಾರ ಕೈಗೆ ಬರುತ್ತದೆ? ಇವನ್ನು ಕೇಳಿ.

ಹೆಂಗಸರನ್ನು ಬೇರೆಯಾಗಿ ಮಾತಾಡಿಸಿ. ಗಂಡಸರು ಎದುರಿಗಿದ್ದರೆ ಎಷ್ಟೋ ವಿಷಯ ಹೊರಗೆ ಬರುವುದಿಲ್ಲ. ಸಿಂಹಳ ಬಲ್ಲ ದುಭಾಷಿ ಬೇಕೇ ಬೇಕು, ಅವರ ಸಂಬಳ ಬಜೆಟ್ಟಿನಲ್ಲಿರಲಿ. ಅಂಗಳದಲ್ಲಿ ಊರಿನ ನಕ್ಷೆ ಬಿಡಿಸಲು ಅವರಿಗೇ ಹೇಳಿ. ಕಲ್ಲು, ಎಲೆ, ಕಡ್ಡಿ ಇಟ್ಟು ಹೊಳೆ, ದಾರಿ, ಕಟ್ಟಿಗೆ ತರುವ ಜಾಗ ತೋರಿಸುತ್ತಾರೆ. ನೀವು ಸುಮ್ನೆ ನೋಡುತ್ತಾ ಕೂರಿ, ಕೈ ಹಾಕಬೇಡಿ. ಹೆಸರು ಬರೆಯುವ ಮುನ್ನ, ಫೋಟೊ ತೆಗೆಯುವ ಮುನ್ನ ಒಪ್ಪಿಗೆ ಕೇಳಿ. ಬೇಡ ಅಂದರೆ ಅಲ್ಲಿಗೆ ಬಿಡಿ.

ಚೀಲದಲ್ಲಿ ಏನಿರಬೇಕು

ಜನವರಿಯಿಂದ ಏಪ್ರಿಲ್ ಆರಂಭದವರೆಗೆ ಮಳೆ ಸ್ವಲ್ಪ ಕಡಿಮೆ. ಆದರೂ ಉಂಬಳ (ರಕ್ತ ಹೀರುವ ಜಿಗಣೆ) ಇದ್ದೇ ಇರುತ್ತವೆ. ಮೊಣಕಾಲಿನವರೆಗೆ ಬರುವ ಉಂಬಳದ ಕಾಲುಚೀಲ, ರೈನ್‌ಕೋಟ್, ಒದ್ದೆಯಾಗದ ನೋಟ್‌ಬುಕ್, ಪೆನ್ಸಿಲ್ ಇರಲಿ. ಒದ್ದೆ ಕಾಗದದ ಮೇಲೆ ಪೆನ್ನಿನ ಶಾಯಿ ಹರಡುತ್ತದೆ. ಮುಂದೆಂದಾದರೂ ಆಫ್ರಿಕಾ, ಅಮೆಜಾನ್ ಕಡೆ ಹೋಗುವುದಿದ್ದರೆ ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಬೇಕು.

ವಾಪಸ್ ಬಂದ ಮೇಲೆ

ಪ್ರತಿ ರಾತ್ರಿ ಅಲ್ಲೇ ಆ ದಿನದ ಟಿಪ್ಪಣಿ ತಿದ್ದಿ ಬರೆದಿದ್ದರೆ ವರದಿ ಬೇಗ ಮುಗಿಯುತ್ತದೆ. ಅದರ ಎರಡು ಪುಟದ ಸಾರವನ್ನು ಸಿಂಹಳಕ್ಕೆ ಮಾಡಿಸಿ, ನಿಮ್ಮನ್ನು ಕೂರಿಸಿಕೊಂಡು ಮಾತಾಡಿದ ಊರಿಗೆ ಕಳಿಸಿ. ಕನ್ನಡದಲ್ಲಿ ಇನ್ನೊಂದು ಪ್ರತಿ ಮಾಡಿ ಹಾನಗಲ್ ಕಡೆಯ ಗ್ರಾಮ ಅರಣ್ಯ ಸಮಿತಿಯವರ ಮುಂದೆ ಓದಿ ಹೇಳಿ. ಕಿತುಲ್ ಬೆಲ್ಲದ ವಿಷಯ ಕೇಳಿದ ತಕ್ಷಣ ಅವರಿಂದಲೂ ಪ್ರಶ್ನೆ ಬರುತ್ತವೆ. ಅವನ್ನೂ ವರದಿಯ ಕೊನೆಯಲ್ಲಿ ಸೇರಿಸಿ, ಆಮೇಲೆ ಕಾಲೇಜಿಗೆ ಒಪ್ಪಿಸಿ.