ಎಸಿ ಬಸ್ ಬಿಟ್ಟು ಮಹಾಕೂಟದ ಕಾಲುದಾರಿ ಹಿಡಿದ ನನ್ನ ಅನುಭವ

ಹೋದ ಡಿಸೆಂಬರ್‌ನಲ್ಲಿ ವಸತಿ ಶಾಲೆಯಲ್ಲಿ ನಾನು ನೋಡಿಕೊಳ್ಳುವ ಹೌಸ್‌ನ 23 ಮಕ್ಕಳು ಬಾದಾಮಿಯಿಂದ ಮಹಾಕೂಟದ ಮೇಲೆ ಹಾದು ಪಟ್ಟದಕಲ್ಲಿಗೆ ನಡೆದು ಮುಟ್ಟಿದರು. ಬ್ರಾಂಜ್ ಅವಾರ್ಡ್‌ನ ಜರ್ನಿ, ಅಂದರೆ ಡ್ಯೂಕ್ ಆಫ್ ಎಡಿನ್‌ಬರ್ಗ್ ಇಂಟರ್‌ನ್ಯಾಷನಲ್ ಅವಾರ್ಡ್‌ನ ಮೊದಲ ಹಂತದ ಸಾಹಸ ಪಯಣ. ಯಾರೂ ಜೀಪು ಹತ್ತಲಿಲ್ಲ, ಯಾರ ಅಪ್ಪನೂ ಫೋನ್ ಮಾಡಿ ಬೈಯಲಿಲ್ಲ, ದುಡ್ಡೂ ಉಳಿಯಿತು. ಎರಡು ವರ್ಷ ಸ್ಟಾಫ್ ರೂಮಿನಲ್ಲಿ "ಏನ್ ಸರ್, ಪಾದಯಾತ್ರೆ ಮತ್ತ ಯಾವಾಗ?" ಅಂತ ನಕ್ಕವರು ಈಗ ನನ್ನ ಪ್ಲಾನ್ ಶೀಟ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಅಲ್ಲ, ಮುಕ್ಕಾಲು.

ನಮ್ಮದು ವಿಜಯಪುರದ ಹೊರಗಿರುವ ಇಂಟರ್‌ನ್ಯಾಷನಲ್ ವಸತಿ ಶಾಲೆ. ದುಬೈ, ಮಸ್ಕತ್, ಬೆಂಗಳೂರು, ಪುಣೆಯ ಮಕ್ಕಳೇ ಜಾಸ್ತಿ. ನನ್ನ ಹೌಸ್‌ನಲ್ಲಿ ಕೊರಿಯಾದ ಇಬ್ಬರಿದ್ದಾರೆ. ಮೊದಲೆಲ್ಲ ಟ್ರಿಪ್ ಅಂದರೆ ಎಸಿ ಬಸ್, ಹೋಟೆಲ್, ಬಫೆ, ಗುಹೆ ಮುಂದೆ ಗ್ರೂಪ್ ಫೋಟೋ. ತಲೆಗೆ ಸುಮಾರು 4,500 ರೂಪಾಯಿ ಬೀಳುತ್ತಿತ್ತು. ವಾಪಸ್ ಬಂದ ಮೇಲೆ ಒಬ್ಬನನ್ನು ಬಾದಾಮಿಯ ಮೂರನೇ ಗುಹೆ ಹೇಗಿತ್ತಪ್ಪಾ ಅಂತ ಕೇಳಿದೆ. "ಹೋಟೆಲಿನ ವೈಫೈ ಸರಿ ಇರಲಿಲ್ಲ ಸರ್" ಅಂದ. ಅಲ್ಲಿಗೆ ನನಗೆ ಸಾಕಾಯಿತು.

ಈ ನಡಿಗೆ ಮೊದಲ ಸಲ ಮಾಡಿದ್ದು ಫೆಬ್ರವರಿ ಕೊನೆಯಲ್ಲಿ. ನಮ್ಮ ಕಡೆ ಫೆಬ್ರವರಿ ಕೊನೆ ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಬಾದಾಮಿಯ ಕೆಂಪು ಕಲ್ಲು ಹತ್ತು ಗಂಟೆಗೆಲ್ಲ ಹಂಚಿನ ಹಾಗೆ ಕಾಯುತ್ತದೆ. 24 ಮಕ್ಕಳನ್ನು ಒಂದೇ ಸಾಲಿನಲ್ಲಿ ಕುರಿ ಹಿಂಡಿನಂತೆ ಹೊರಡಿಸಿದೆ. ಮುಂದಿನವನು ಗುಡ್ಡದ ಮೇಲೆ, ಕೊನೆಯವನು ಇನ್ನೂ ಕೆಳಗೆ ಬೂಟಿನ ಲೇಸ್ ಕಟ್ಟುತ್ತಿದ್ದ. 11 ಗಂಟೆಗೆ ಇಬ್ಬರು ತಲೆ ಸುತ್ತಿ ಕುಳಿತರು. ಒಬ್ಬಳ ಚೀಲ ಎತ್ತಲು ಹೋಗಿ ನನ್ನ ಸೊಂಟವೇ ಹಿಡಿಯಿತು. ತೆಗೆದು ನೋಡಿದರೆ ಒಳಗೆ ಹೇರ್ ಡ್ರೈಯರ್! ಗುಡ್ಡದ ಮೇಲೆ ಪ್ಲಗ್ ಎಲ್ಲಿತ್ತೋ.

ಶಾಲೆಯ ಬಸ್ ಕರೆಸಿದೆ. ವಿಜಯಪುರದಿಂದ ಖಾಲಿ ಬಂದು ತುಂಬಿಕೊಂಡು ಹೋಯಿತು. 9,000 ರೂಪಾಯಿಯ ಆ ಬಿಲ್ಲನ್ನು ಅಕೌಂಟ್ಸ್‌ನವರು ವರ್ಷವಿಡೀ ನನಗೆ ತೋರಿಸುತ್ತಿದ್ದರು.

ಎರಡನೇ ವರ್ಷ ಡಿಸೆಂಬರ್‌ಗೆ ಬದಲಿಸಿದೆ. ಅವಾರ್ಡ್‌ನ ನಿಯಮದಲ್ಲೇ ಗುಂಪಿಗೆ 4ರಿಂದ 7 ಜನ ಅಂತ ಇದೆ. ಅದನ್ನು ಓದಿಯೂ ಮೊದಲ ವರ್ಷ ಸುಮ್ನೆ ಕಡೆಗಣಿಸಿದ್ದೆ. ಈ ಸಲ ಆರಾರು ಮಕ್ಕಳ ಗುಂಪು ಮಾಡಿದೆ. ನಡಿಗೆ ಚೆನ್ನಾಗೇ ಆಯಿತು. ಕೈಕೊಟ್ಟಿದ್ದು ದುಡ್ಡು. ಊಟ, ಟೀ, ಟಿಕೆಟ್ ಎಲ್ಲವನ್ನೂ ಮಕ್ಕಳೇ ನೋಡಿಕೊಳ್ಳಲಿ ಅಂತ ಒಂದೊಂದು ಗುಂಪಿಗೆ 3,000 ರೂಪಾಯಿ ಕೊಟ್ಟಿದ್ದೆ, ಎಲ್ಲ ಐನೂರರ ನೋಟು. ಹತ್ತು ರೂಪಾಯಿ ಚಹಾಕ್ಕೆ ಐನೂರು ಚಾಚಿದರೆ ಯಾರು ಚಿಲ್ಲರೆ ಕೊಡುತ್ತಾರೆ? ಫೋನು ಮಕ್ಕಳ ಹತ್ತಿರ ಇಲ್ಲ, ನಾನೇ ಇಸಿದುಕೊಂಡಿದ್ದೆ. ಕೊನೆಗೆ ಒಂದು ಗುಂಪು ಚಿಲ್ಲರೆ ಬೇಕು ಅಂತಲೇ 400 ರೂಪಾಯಿಯ ಚಿಪ್ಸು, ಕೂಲ್ ಡ್ರಿಂಕ್ ಕೊಂಡಿತು. ಆ ಚಿಪ್ಸನ್ನು ಬಾದಾಮಿಯ ಮಂಗಗಳು ಚೀಲದ ಸಮೇತ ಒಯ್ದವು. ಇನ್ನೊಂದು ಗುಂಪು ಎರಡನೇ ದಿನ ಸಂಜೆಗೆ 180 ರೂಪಾಯಿ ಉಳಿಸಿಕೊಂಡು ಮುಖ ಸಣ್ಣ ಮಾಡಿ ಕುಳಿತಿತ್ತು. ನಾನೇ ಜೇಬಿನಿಂದ ಹಾಕಿದೆ. ಯಾರಿಗೂ ಹೇಳಲಿಲ್ಲ, ಇಲ್ಲೇ ಮೊದಲು ಹೇಳುತ್ತಿರುವುದು.

ಮೂರನೇ ಸಲ ಮೂರು ಬದಲಾವಣೆ ಮಾಡಿದೆ.

ಚೀಲ ನೀರು ಸೇರಿ 7 ಕಿಲೋ ದಾಟುವಂತಿಲ್ಲ. ಹೊರಡುವ ಹಿಂದಿನ ರಾತ್ರಿ ಮೆಸ್ಸಿನ ತಕ್ಕಡಿಯಲ್ಲಿ ನಾನೇ ತೂಗಿದೆ. ಜಾಸ್ತಿ ಬಂದದ್ದನ್ನು ಮೇಟ್ರನ್ ಕಪಾಟಿಗೆ ಹಾಕಿ ಬೀಗ. ಒಬ್ಬ ಮೂರು ಸಲ ಬಿಚ್ಚಿ ಕಟ್ಟಿದ.

ದುಡ್ಡು ಎಲ್ಲ ಹತ್ತು, ಇಪ್ಪತ್ತರ ನೋಟು. ಬ್ಯಾಂಕಿನಲ್ಲಿ ಕಟ್ಟು ಕೇಳಿ ತಂದೆ. ಗುಂಪಿಗೆ 2,400, ಬೆಳಿಗ್ಗೆ ಅರ್ಧ, ಮಧ್ಯಾಹ್ನ ಅರ್ಧ. ಲೆಕ್ಕದ ಹುಡುಗ ಅಥವಾ ಹುಡುಗಿ ಪ್ರತಿ ಊಟಕ್ಕೆ ಬದಲಾಗಬೇಕು.

ಮೂರನೆಯದು, ಒಂದೊಂದು ಗುಂಪಿಗೆ ಅಂಟಿಸಿದ ಒಂದು ಲಕೋಟೆ. ತೀರಾ ಕಷ್ಟಕ್ಕೆ ಬಿದ್ದರೆ ಒಡೆಯಿರಿ ಅಂದಿದ್ದೆ. ನಾಲ್ಕೂ ಹಾಗೇ ವಾಪಸ್ ಬಂದವು. ಒಳಗೆ ಏನಿತ್ತು ಅಂತ ಇಲ್ಲಿ ಹೇಳುವುದಿಲ್ಲ, ನಮ್ಮ ಮಕ್ಕಳೂ ಓದುತ್ತಾರೆ. ಗುಂಪನ್ನು ಹೇಗೆ ಕಟ್ಟುತ್ತೇನೆ ಅನ್ನೋದನ್ನೂ ಕೇಳಬೇಡಿ. ಗೆಳೆಯರನ್ನೆಲ್ಲ ಒಟ್ಟಿಗೆ ಹಾಕುವುದಿಲ್ಲ ಅಷ್ಟು ಮಾತ್ರ ಹೇಳಬಲ್ಲೆ.

ವಿಜಯಪುರದಿಂದ ಬಾದಾಮಿಗೆ ರೈಲಿನಲ್ಲೇ ಹೋದೆವು, ಜನರಲ್ ಬೋಗಿ. ಆಲಮಟ್ಟಿ ಹತ್ತಿರ ಕೃಷ್ಣೆ ದಾಟುವಾಗ ಎಲ್ಲರೂ ಕಿಟಕಿಗೆ. ಮರುದಿನ ಬೆಳಿಗ್ಗೆ 6ಕ್ಕೆ ನಡಿಗೆ. ಬ್ರಾಂಜ್‌ಗೆ ದಿನಕ್ಕೆ ಕನಿಷ್ಠ 6 ಗಂಟೆಯ ಚಟುವಟಿಕೆ ಬೇಕಲ್ವಾ, ಬರೀ ನಡೆದರೆ ಅಷ್ಟಾಗುವುದಿಲ್ಲ. ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡದ ದಾರಿ ಹೆಚ್ಚು ಕಡಿಮೆ 5 ಕಿಲೋಮೀಟರ್ ಅಷ್ಟೇ. ಉಳಿದ ಹೊತ್ತಿಗೆ ಕೆಲಸ ಕೊಟ್ಟಿದ್ದೆ. ಒಂದು ಗುಂಪಿಗೆ ನೀರು: ಬಾದಾಮಿಯ ಅಗಸ್ತ್ಯ ತೀರ್ಥದ ಕೆರೆಯಿಂದ ಹಿಡಿದು ಮಹಾಕೂಟದ ಪುಷ್ಕರಣಿವರೆಗೆ ದಾರಿಯಲ್ಲಿ ಎಲ್ಲೆಲ್ಲಿ ನೀರಿದೆ ಅಂತ ಬರೆಯುವುದು. ಇನ್ನೊಂದಕ್ಕೆ ನಕ್ಷೆ: ದಾರಿಯಲ್ಲಿ ಸಿಕ್ಕ ಕುರಿಗಾರರನ್ನು ಕೇಳಿಯೇ ಬಿಡಿಸಬೇಕು. ನಾನು ಕೊಟ್ಟ ಪ್ರಿಂಟಿಗಿಂತ ಅವರು ಬಿಡಿಸಿದ ನಕ್ಷೆಯೇ ಚೆನ್ನಾಗಿತ್ತು. ಈಗ ಅದನ್ನೇ ಇಟ್ಟುಕೊಂಡಿದ್ದೇನೆ.

ಮಹಾಕೂಟದ ಹಳೆ ಬಾಗಿಲಿಗೆ ಎರಡು ಬದಿ ಅಸ್ಥಿಪಂಜರದಂಥ ಮೂರ್ತಿಗಳಿವೆ. "ಬೋರ್ಡ್ ಪರೀಕ್ಷೆ ಆದ ಮೇಲೆ ನಾವು" ಅಂತ ಒಬ್ಬಳು ಪಕ್ಕದಲ್ಲಿ ಹಾಗೇ ನಿಂತಳು. ಆಮೇಲೆ ಪುಷ್ಕರಣಿ. ಊಟೆಯ ನೀರು, ತಿಳಿ, ತಣ್ಣಗೆ. ಈಜು ಬರುವವರನ್ನು ಮಾತ್ರ, ಇಬ್ಬಿಬ್ಬರನ್ನು ಇಳಿಸಿದೆ. ನಮ್ಮ ಕ್ಯಾಂಪಸ್ಸಿನ ನೀಲಿ ಟೈಲಿನ ಕೊಳದಲ್ಲಿ ನೀರಿಗೆ ಇಳಿಯಲು ನೆಪ ಹೇಳುವವನು ಇಲ್ಲಿ ಮೇಲೆ ಬರಲೇ ಒಲ್ಲೆ ಅಂದ.

ಊಟದ್ದೂ ಒಂದು ಪ್ರಯೋಗ ಮಾಡಿದೆ. ಎರಡು ಗುಂಪಿಗೆ ಬ್ರೆಡ್ಡು ಜಾಮ್, ಎರಡು ಗುಂಪಿಗೆ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಮಧ್ಯಾಹ್ನಕ್ಕೆ ಬ್ರೆಡ್ಡು ಚೀಲದಲ್ಲಿ ಚಪ್ಪಟೆ. ರೊಟ್ಟಿ ಸ್ಟೀಲ್ ಡಬ್ಬಿಯಲ್ಲಿ ಹಾಗೇ ಇತ್ತು. (ಬಟ್ಟೆಯಲ್ಲಿ ಕಟ್ಟಿದರೆ ಪುಡಿಯಾಗುತ್ತದೆ, ಡಬ್ಬಿ ಬೇಕೇ ಬೇಕು.) ಬ್ರೆಡ್ಡಿನವರು ರೊಟ್ಟಿಯವರ ಹತ್ತಿರ ವ್ಯಾಪಾರಕ್ಕಿಳಿದರು, ಒಂದು ರೊಟ್ಟಿಗೆ ಎರಡು ಚಾಕೊಲೇಟು. ಕೊರಿಯಾದ ಹುಡುಗ ಶೇಂಗಾ ಚಟ್ನಿಯನ್ನು ಬರೀ ಬೆರಳಿನಿಂದ ತಿಂದು ಮುಗಿಸಿದ. ಖಾರ ಅನ್ನುವ ಮಾತೇ ಇಲ್ಲ.

ಬಾದಾಮಿ ಹತ್ತಿರದ ಬನಶಂಕರಿಗೆ ಹೋಗಿದ್ದು ಮೂರನೇ ದಿನ, ವಾಪಸ್ ಬರುವಾಗ. ಅಲ್ಲಿ ಬುಟ್ಟಿ ಇಟ್ಟುಕೊಂಡು ರೊಟ್ಟಿ ಮಾರುವ ಅಜ್ಜಿ ಹತ್ತಿರ ನಮ್ಮ ಮಸ್ಕತ್ ಹುಡುಗಿ ಚೌಕಾಸಿಗೆ ನಿಂತಳು. ಲೆಕ್ಕದ ಸರದಿ ಅವಳದು, ಕೈಯಲ್ಲಿ 140 ರೂಪಾಯಿ, ತಿನ್ನುವವರು ಆರು ಜನ. ಹತ್ತರ ನೋಟುಗಳನ್ನು ಬೀಸಣಿಗೆ ಹಾಗೆ ಹರಡಿ ತೋರಿಸಿದಳು. ಅಜ್ಜಿ ನೋಟು ನೋಡಲಿಲ್ಲ, ಆರೂ ಮುಖ ನೋಡಿದಳು. "ಕುಂದ್ರ್ರಿ ಮೊದ್ಲ, ರೊಕ್ಕ ಆಮ್ಯಾಲ" ಅಂದು ರೊಟ್ಟಿ, ಎಣ್ಣೆಗಾಯಿ, ಮೊಸರು ಬಡಿಸಿದಳು. 140 ತೆಗೆದುಕೊಂಡು ಅದರಲ್ಲಿ 20 ವಾಪಸ್ ಕೊಟ್ಟಳು. ಆ 20ನ್ನು ಲೆಕ್ಕದ ಪುಸ್ತಕದಲ್ಲಿ ಯಾವ ಕಾಲಮ್ಮಿಗೆ ಬರೆಯಬೇಕು ಅಂತ ರೈಲಿನಲ್ಲಿ ಒಂದು ತಾಸು ಜಗಳ.

ಒಟ್ಟು ಖರ್ಚು ತಲೆಗೆ 1,300ರ ಹತ್ತಿರ ಬಂತು. ಇದರಲ್ಲಿ ನಮ್ಮ ಹಿಂದೆ ಔಷಧ, ನೀರು ಇಟ್ಟುಕೊಂಡು ಸುತ್ತುತ್ತಿದ್ದ ಜೀಪಿನ ಬಾಡಿಗೆಯೂ ಸೇರಿದೆ. ಜೀಪು ಇದ್ದದ್ದು ಮಕ್ಕಳಿಗೆ ಗೊತ್ತಿಲ್ಲ.

ಕೆಟ್ಟದ್ದು ಏನೂ ಆಗಲಿಲ್ಲ ಅಂತಲ್ಲ. ಒಂದು ಗುಂಪು ಪಟ್ಟದಕಲ್ಲಿನ ದಾರಿ ತಪ್ಪಿ ಕಬ್ಬಿನ ಹೊಲದೊಳಗೆ ಮುಕ್ಕಾಲು ತಾಸು ಸುತ್ತಿತು. ಮನೆಗೆ ಪತ್ರ ಬರೆದು ಬಾದಾಮಿಯಲ್ಲೇ ಪೋಸ್ಟ್ ಮಾಡಿ ಅಂದಿದ್ದೆ. ನಾಲ್ಕು ಜನ ಪಿನ್ ಕೋಡ್ ಬರೆಯುವ ಜಾಗದಲ್ಲಿ ಫೋನ್ ನಂಬರ್ ಬರೆದಿದ್ದರಂತೆ. ಅವು ಎಲ್ಲಿವೆಯೋ ದೇವರಿಗೇ ಗೊತ್ತು.

ಜನವರಿಯಲ್ಲಿ ಭಾನುವಾರದ ಔಟಿಂಗ್‌ಗೆ ಇದೇ ಮಕ್ಕಳನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದೆ. ಎಲ್ಲರೂ ಪಿಸುಗುಟ್ಟುವ ಗ್ಯಾಲರಿಗೆ ಓಡುತ್ತಾರೆ ಅಂದುಕೊಂಡಿದ್ದೆ. ನಾನು ಮೊದಲು ಮುಂದಿನ ಮ್ಯೂಸಿಯಮ್ಮಿಗೆ ನುಗ್ಗಿಸಿದೆ, ಚಾಲುಕ್ಯ ದೊರೆ ಮಂಗಳೇಶನ ಕಾಲದ ಮಹಾಕೂಟದ ಶಾಸನ ಕಂಬ ಇರುವುದು ಅಲ್ಲೇ. "ಸರ್, ನಾವು ಅಷ್ಟು ದೂರ ನಡೆದೆವು, ಕಂಬ ಇಲ್ಲೇ ನಮ್ಮ ಮನೆ ಹತ್ತಿರ ಇತ್ತಾ?" ಅಂತ ನಕ್ಷೆ ಗುಂಪಿನವನಿಗೆ ಸಿಟ್ಟೇ ಬಂತು. ಇದನ್ನು ಅಷ್ಟು ದೂರ ಹೇಗೆ ಸಾಗಿಸಿದರು, ತೂಕ ಎಷ್ಟು ಅಂತ ಶುರು ಮಾಡಿದ. ಚೀಲ ತೂಗಿಸಿಕೊಂಡ ಹುಡುಗ ಅಲ್ವಾ.

ಈ ಡಿಸೆಂಬರ್‌ಗೆ ಅವಾರ್ಡ್‌ನ ಮುಂದಿನ ಹಂತ ಸಿಲ್ವರ್, ಮೂರು ದಿನ ಎರಡು ರಾತ್ರಿ. ಐಹೊಳೆವರೆಗೆ ಎಳೆಯುವ ಯೋಚನೆ ಇದೆ. ಬ್ಯಾಂಕಿನಲ್ಲಿ ಹತ್ತರ ಕಟ್ಟಿಗೆ ಈಗಲೇ ಹೇಳಿಟ್ಟಿದ್ದೇನೆ.