ಯುಕೆ ಸ್ಟೂಡೆಂಟ್ ವೀಸಾ ರಿಜೆಕ್ಟ್ ಆಯ್ತಾ? ಮೊದಲು ಪತ್ರ ಓದಿ

ಗಾಬರಿಯಲ್ಲಿ ಅವತ್ತೇ ಮತ್ತೆ ಅರ್ಜಿ ಹಾಕಬೇಡಿ. ಪತ್ರದಲ್ಲಿ ಕಾರಣ ಬರೆದಿರುತ್ತಾರೆ, ಸಾಲು ಸಾಲಾಗಿ ಓದಿ. ನೀವು ಕೊಟ್ಟ ದಾಖಲೆ ಸರಿ ಇದ್ದು ಅಧಿಕಾರಿಯೇ ತಪ್ಪು ಮಾಡಿದ್ದರೆ ಅಡ್ಮಿನಿಸ್ಟ್ರೇಟಿವ್ ರಿವ್ಯೂ, ಅಂದ್ರೆ ಆ ತೀರ್ಮಾನವನ್ನು ಇನ್ನೊಮ್ಮೆ ಪರಿಶೀಲಿಸಿ ಅಂತ ಕೇಳಬಹುದು. ಭಾರತದಿಂದ ಅರ್ಜಿ ಹಾಕಿದವರಿಗೆ 28 ದಿನ ಟೈಮ್, ಫೀಸು 80 ಪೌಂಡ್.

ನಮ್ಮ ಅಕ್ಕನ ಮಗಳ ಕಥೆ ಬೇರೆ. ಓದಿಗೆ, ಖರ್ಚಿಗೆ ಅಂತ ವೀಸಾಗೆ ತೋರಿಸುವ ದುಡ್ಡು ಸತತ 28 ದಿನ ಖಾತೆಯಲ್ಲಿ ಇರಬೇಕು ಅಲ್ವಾ? ಹತ್ತೊಂಬತ್ತನೇ ದಿನ ಹಾಸ್ಟೆಲ್ ಅಡ್ವಾನ್ಸ್‌ಗೆ ಅಂತ ಸ್ವಲ್ಪ ತೆಗೆದಿದ್ದಳು. ಎರಡೇ ದಿನ ಬ್ಯಾಲೆನ್ಸ್ ಕಡಿಮೆ ಇತ್ತು, ಅಷ್ಟಕ್ಕೇ ಹೋಯ್ತು. ಪಾಪ, ಎಷ್ಟು ಅತ್ತಳು! ಇಂಥದ್ದಕ್ಕೆ ರಿವ್ಯೂ ಕೇಳಿದರೆ ಸುಮ್ನೆ ದುಡ್ಡು ದಂಡ. ಮತ್ತೆ 28 ದಿನ ಹಣ ಮುಟ್ಟದೆ ಇಟ್ಟು, ಯೂನಿವರ್ಸಿಟಿಯಿಂದ ಹೊಸ ಕ್ಯಾಸ್ (CAS, ಸೀಟು ಖಚಿತ ಅಂತ ಅವರು ಕೊಡುವ ದೃಢೀಕರಣ) ತರಿಸಿ, ಹೊಸ ಅರ್ಜಿ ಹಾಕಿ. ಹಳೇ ರಿಜೆಕ್ಷನ್ ಮುಚ್ಚಿಡಬೇಡಿ.